ಶೀಲದ ದೋಷ ಬೇರೆ, ಸಂವಿಧಾನದ ಉಲ್ಲಂಘನೆ ಬೇರೆ

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರ ಮಾತು ಬಂದಾಗ, ಇಲ್ಲಿಯ ನವನಗರದ ವಾಚನಾಲಯದಲ್ಲಾಗಲಿ ಕಾಲೇಜು ವಿದ್ಯಾರ್ಥಿಗಳ ನಡುವೆಯಾಗಲಿ, ಚರ್ಚೆ ಬಹುಪಾಲು ಅವರ ಖಾಸಗಿ ನಡತೆಯಲ್ಲಿಯೇ ಮುಗಿದುಹೋಗುತ್ತದೆ. ಅಧಿಕಾರದಲ್ಲಿದ್ದಾಗ ಅವರು ಸಂವಿಧಾನಕ್ಕೆ ಎಷ್ಟು ಬದ್ಧರಾಗಿದ್ದರು ಎಂಬ ಗುರುತರ ಪ್ರಶ್ನೆಯನ್ನು ಕೇಳುವವರು ವಿರಳ.

ಬಿಲ್ ಕ್ಲಿಂಟನ್ ತಮ್ಮ ಅನೈತಿಕ ಸಂಬಂಧವನ್ನು ಮುಚ್ಚಿಡಲು ಪ್ರಮಾಣ ಮಾಡಿ ಸುಳ್ಳು ಹೇಳಿದರೆಂಬ ಆರೋಪದ ಮೇಲೆ 1998ರಲ್ಲಿ ವಾಗ್ದಂಡನೆಗೆ, ಅಂದರೆ ಅಧ್ಯಕ್ಷರನ್ನು ಪದಚ್ಯುತಗೊಳಿಸಲು ಸಂಸತ್ತಿನಲ್ಲಿ ಹೊರಿಸುವ ದೋಷಾರೋಪಕ್ಕೆ, ಗುರಿಯಾದರು. ಮರುವರ್ಷ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಅವರನ್ನು ಖುಲಾಸೆಗೊಳಿಸಿತು. ಅದು ಕ್ಷುಲ್ಲಕ ಆರೋಪವೆಂದು ನಾನು ಹೇಳಲಾರೆ. ಆದರೆ ರಿಚರ್ಡ್ ನಿಕ್ಸನ್ ಮಾಡಿದ್ದು ಬೇರೆಯೇ ಜಾತಿಯ ಅಪರಾಧ. ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕಳ್ಳತನದಿಂದ ನುಗ್ಗಿದ ಪ್ರಕರಣದ ತನಿಖೆಯನ್ನು ತಡೆಯಲು ಗುಪ್ತಚರ ಸಂಸ್ಥೆಯನ್ನೇ ಬಳಸಲು ಮುಂದಾದ ಅವರು, ತಮ್ಮ ಕಚೇರಿಯ ಮಾತುಕತೆಗಳ ಧ್ವನಿಮುದ್ರಿಕೆಗಳನ್ನು ಒಪ್ಪಿಸುವಂತೆ ಕೇಳಿದ ವಿಶೇಷ ಅಭಿಯೋಜಕರನ್ನು 1973ರ ಅಕ್ಟೋಬರ್‌ನಲ್ಲಿ ವಜಾ ಮಾಡಿಸಿದರು. ಆ ಆದೇಶವನ್ನು ಪಾಲಿಸಲೊಪ್ಪದೆ ಅಟಾರ್ನಿ ಜನರಲ್ ರಾಜೀನಾಮೆ ಕೊಟ್ಟು ಹೊರನಡೆದರು. ಮುದ್ರಿಕೆಗಳನ್ನು ಒಪ್ಪಿಸಲೇಬೇಕೆಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪಿತ್ತ ಮೇಲೆ, 1974ರ ಆಗಸ್ಟ್ 9ರಂದು ಅವರು ಪದತ್ಯಾಗ ಮಾಡಬೇಕಾಯಿತು. ಅವರ ಸಂಶಯದ ಸ್ವಭಾವವು ಮನೆಯೊಳಗೇ ಉಳಿದಿದ್ದರೆ ಅದು ಕೇವಲ ಶೀಲದ ದೋಷವಾಗಿರುತ್ತಿತ್ತು. ಸರ್ಕಾರದ ಬಲವನ್ನು ಕೈಗೆತ್ತಿಕೊಂಡಾಗ ಅದು ರಾಷ್ಟ್ರದ ವಿಪತ್ತಾಯಿತು.

ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಅವರ ಉದಾಹರಣೆ. ಆರ್ಥಿಕ ಮಹಾಕುಸಿತದ ದಿನಗಳಲ್ಲಿ ಜನರಿಗೆ ಧೈರ್ಯ ತುಂಬಿದ ಆ ಜನಪ್ರಿಯ ನಾಯಕರು ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, 1942ರ ಫೆಬ್ರುವರಿ 19ರಂದು ಸಹಿ ಹಾಕಿದ ಆದೇಶದಿಂದ ಸುಮಾರು 1,20,000 ಜಪಾನಿ ಮೂಲದವರು, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ, ವಿಚಾರಣೆಯಿಲ್ಲದೆ ಶಿಬಿರಗಳಿಗೆ ತಳ್ಳಲ್ಪಟ್ಟರು. ಕೈಯಲ್ಲಿ ಹೊರಲಾಗುವಷ್ಟೇ ಸಾಮಾನು, ತೊಟ್ಟ ಕೋಟಿಗೆ ಕಟ್ಟಿದ ಕುಟುಂಬದ ಸಂಖ್ಯೆಯ ಚೀಟಿ. ಕ್ಯಾಲಿಫೋರ್ನಿಯಾದ ಸಾಂತಾ ಅನಿತಾ ರೇಸ್ ಮೈದಾನದಲ್ಲಂತೂ ಎಷ್ಟೋ ಸಂಸಾರಗಳಿಗೆ ಸಿಕ್ಕಿದ್ದು ಕುದುರೆ ಲಾಯ. ಸುಪ್ರೀಂ ಕೋರ್ಟ್ ಕೂಡ 1944ರ ಡಿಸೆಂಬರ್‌ನಲ್ಲಿ ಈ ಹೊರಗಟ್ಟುವಿಕೆಯನ್ನು ಎತ್ತಿಹಿಡಿಯಿತು. ರೂಸ್‌ವೆಲ್ಟ್ ವಾಗ್ದಂಡನೆಗೆ ಗುರಿಯಾಗಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ನಾಲ್ಕನೆಯ ಬಾರಿಗೆ ಗೆದ್ದಿದ್ದರು. ದೇಶವು ಕಾಯ್ದೆಯ ಮೂಲಕ ಕ್ಷಮೆ ಕೋರಿ, ಆಗ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರವನ್ನು ಘೋಷಿಸಿದ್ದು 1988ರಲ್ಲಿ.

ಆದುದರಿಂದ, ತಮ್ಮ ಪತ್ರಿಕೆಯು ಅಮೆರಿಕದ ಅಧ್ಯಕ್ಷರನ್ನು ಪರಿಚಯಿಸುವಾಗ ಅವರ ಖಾಸಗಿ ಪ್ರಸಂಗಗಳಿಗಿಂತ ಇಂಥ ಆದೇಶ ಹಾಗೂ ತೀರ್ಪುಗಳಿಗೆ ಹೆಚ್ಚಿನ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ. ರಾಜ್ಯಶಾಸ್ತ್ರ ಓದುತ್ತಿರುವ ನಮ್ಮ ಜಿಲ್ಲೆಯ ಪದವಿಪೂರ್ವ ಕಾಲೇಜುಗಳ ಮಕ್ಕಳಿಗೂ ಅದರಿಂದ ಪ್ರಯೋಜನವಾಗುತ್ತದೆ.

— ನಿವೃತ್ತ ಶಿಕ್ಷಕ, ನವನಗರ, ಬಾಗಲಕೋಟೆ