ಹೆಸರು ಗೊತ್ತಿಲ್ಲದ ಆ ಹಿರಿಯರಿಗೆ

ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು ಮಾತಾಡಿದಿರಲ್ಲ ಅಂಕಲ್, ಈ ಧನ್ಯವಾದ ನಿಮಗೆ. ಹೆಸರು ಕೇಳುವಷ್ಟರಲ್ಲಿ ನೀವು ಹೊರಟಿದ್ದಿರಿ.

ನಾನು ಚಿತ್ರ ಬರೆಯುತ್ತೇನೆ. ವರ್ಷಗಳಿಂದ ಬರೆಯುತ್ತಿದ್ದರೂ ಯಾರೂ ಕಣ್ಣೆತ್ತಿ ನೋಡಿದ್ದಿಲ್ಲ. ಸುಮ್ನೆ ಬಣ್ಣ ದಂಡ ಅಂತ ನಿಮ್ಮ ಹತ್ತಿರ ಗೊಣಗಿದೆ. ‘ಎಲ್ಲಾ ದೇವರ ಚಿತ್ತ’ ಅಂತ ಹೇಳಿ ನೀವು ಎದ್ದು ಹೋಗಲಿಲ್ಲ. (ಅಂಥ ಸಮಾಧಾನ ಕೇಳಿ ಕೇಳಿ ಸಾಕಾಗಿತ್ತು.) ಅಂಚು ಸವೆದ ಬೈಬಲ್ ತೆಗೆದು ವಿಮೋಚನಕಾಂಡದ 31ನೇ ಅಧ್ಯಾಯ ತೋರಿಸಿದಿರಿ. ಪಕ್ಕದಲ್ಲಿ ಪೆನ್ಸಿಲ್ ಗೆರೆ ಇತ್ತು. ಆರಾಧನೆಯ ಗುಡಾರದ ಕೆಲಸ ಮಾಡಿದ ಕುಶಲಕರ್ಮಿ ಬೆಚಲೇಲನನ್ನು ದೇವರು ತನ್ನ ಆತ್ಮದಿಂದ ತುಂಬಿಸಿದ್ದು ಉಪದೇಶ ಮಾಡೋಕಲ್ಲ. ಚಿನ್ನ, ಬೆಳ್ಳಿ, ಕಲ್ಲು, ಮರದ ಕೆಲಸಕ್ಕೆ.

ಆಮೇಲೆ ಕೇಳಿದಿರಿ: “ಅವನು ಮಾಡಿದ ಮಂಜೂಷ, ಅಂದರೆ ದೇವರ ಆಜ್ಞೆಗಳನ್ನು ಇಟ್ಟ ಪೆಟ್ಟಿಗೆ, ಇದ್ದದ್ದು ಆ ಗುಡಾರದ ಪರದೆಯ ಒಳಗೆ. ಅಲ್ಲಿಗೆ ಹೋಗುತ್ತಿದ್ದವನು ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೊಂದು ದಿನ. ಹಾಗಾದರೆ ಚಿನ್ನ ಬಡಿದು ಅದರ ಮೇಲಿನ ಕೆರೂಬಿ ಅನ್ನುವ ದೇವದೂತರ ಆಕೃತಿಗಳಿಗೆ ರೆಕ್ಕೆ ಮಾಡಿದ್ದು ಯಾರು ನೋಡಲಿ ಅಂತ?”

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೊಗಳಿಕೆ ಬೇಡ ಅಂತ ನಾನು ಹೇಳಲಾರೆ. ಬೇಕು, ಈಗಲೂ ಬೇಕು. ಆದರೆ ಅದು ಸಿಗದ ದಿನವೂ ಪ್ರಾರ್ಥನೆ ಮಾಡಿ ಕುಂಚ ಹಿಡಿಯೋಕೆ ಆಗುತ್ತಿದೆ. ನೋಡುವವನು ಒಬ್ಬ ಇದ್ದಾನೆ ಅನ್ನುವ ಧೈರ್ಯ ಅದು.

ಇನ್ನೊಂದಕ್ಕೆ ಜಾಸ್ತಿ ಥ್ಯಾಂಕ್ಸ್ ಹೇಳಬೇಕು. ನನ್ನ ಫೋನಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ, ಬೆರಳಲ್ಲಿ ದೊಡ್ಡದು ಮಾಡಿ ನೋಡಿದಿರಿ. “ಈ ಮರದ ನೆರಳು ಆ ಕಡೆ ಬೀಳಬೇಕಿತ್ತು, ಅಲ್ವಾ?” ಅಂದಿರಿ. ಹೌದು ಅಂಕಲ್, ಬೀಳಬೇಕಿತ್ತು. ಸರಿ ಮಾಡಿದ್ದೇನೆ.