ರಾಜಕಾಲುವೆ ತೆರವು ಮಾಡಿ, ನಮ್ಮ ಕೆರೆಗೆ ಕಸ ಸುರಿಯುವುದನ್ನು ನಿಲ್ಲಿಸಿ: ಗ್ರಾಮಸ್ಥರ ಮನವಿ ಪತ್ರ

ಗೆ,
ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ, ಕೋಲಾರ ಜಿಲ್ಲೆ.

ಇಂದ,
ಕೆರೆ ಅಚ್ಚುಕಟ್ಟಿನ ರೈತರು, ಸ್ತ್ರೀಶಕ್ತಿ ಸಂಘಗಳವರು ಮತ್ತು ಊರಿನ ಅಭಿವೃದ್ಧಿ ಟ್ರಸ್ಟಿನ ಸದಸ್ಯರು.

ವಿಷಯ: ರಾಜಕಾಲುವೆ ಒತ್ತುವರಿ ತೆರವು, ಕೆರೆ ಕೋಡಿಯಲ್ಲಿ ಕಸ ಸುರಿಯುವುದನ್ನು ನಿಲ್ಲಿಸುವುದು, ಹಳೇ ಶಾಲಾ ಕಟ್ಟಡದ ಬೀಗ ತೆಗೆಯುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದು ನಮ್ಮ ಏಳನೇ ಅರ್ಜಿ. ಹಿಂದಿನ ಆರಕ್ಕೂ ತಮ್ಮ ಕಚೇರಿಯ ಸ್ವೀಕೃತಿ ಮುದ್ರೆ ಇದೆ, ಒಂದಕ್ಕೂ ಬರವಣಿಗೆಯಲ್ಲಿ ಉತ್ತರವಿಲ್ಲ.

ನಮ್ಮ ಟ್ರಸ್ಟ್ ಹೊರಗಿನವರು ಬಂದು ಕಟ್ಟಿದ್ದಲ್ಲ. ಮನೆಗಿಷ್ಟು ಅಂತ ಚಂದಾ ಎತ್ತಿ, ಹಾಲಿನ ಬಟವಾಡೆ ದಿನ ಡೇರಿ ಮುಂದೆ ಡಬ್ಬಿ ಇಟ್ಟು ಕೂಡಿಸಿದ ದುಡ್ಡು ಅದು. ಆ ದುಡ್ಡಿನಲ್ಲಿ ಎರಡು ಬೇಸಿಗೆ ಕೆರೆಯ ಗೋಡು (ಹೂಳು ಮಣ್ಣು) ಹೊಡೆಸಿದ್ದೇವೆ. ಅದನ್ನು ಹೊಲಕ್ಕೆ ಹಾಕಿಸಿಕೊಂಡ ರೈತರು ಟ್ರ್ಯಾಕ್ಟರ್ ಬಾಡಿಗೆ ತಾವೇ ಕೊಟ್ಟರು. ಮುರಿದಿದ್ದ ತೂಬು ಸರಿಮಾಡಿಸಿದೆವು. ಏರಿ ಮೇಲಿನ ಬಳ್ಳಾರಿ ಜಾಲಿಯನ್ನು ಬುಡಸಮೇತ ಕಿತ್ತೆವು. ಗುಂಡುತೋಪಿನಲ್ಲಿ ಹೊಂಗೆ, ನೇರಳೆ, ಹುಣಸೆ ಸಸಿ ನೆಟ್ಟು, ಬೇಸಿಗೆಯಲ್ಲಿ ಹೆಂಗಸರು ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿಕೊಂಡಿದ್ದಾರೆ. ಇಷ್ಟಕ್ಕೆ ಪಂಚಾಯಿತಿಯಿಂದ ಒಂದು ರೂಪಾಯಿ ಕೇಳಲಿಲ್ಲ. ಕೇಳಿದ್ದು ನೀರು ಬರುವ ದಾರಿ ಮಾತ್ರ.

ಹೋದ ಮಳೆಗಾಲದಲ್ಲಿ ಮೇಲಿನ ಕೆರೆ ಕೋಡಿ ಬಿತ್ತು. ಊರೇ ಏರಿ ಮೇಲೆ ನಿಂತು ಕಾಯಿತು. ನೀರು ನಮ್ಮ ಕೆರೆಗೆ ಬರಲಿಲ್ಲ. ರಾಜಕಾಲುವೆಯನ್ನು ಎರಡು ಕಡೆ ಮುಚ್ಚಿ ತೋಟ ಮಾಡಿಕೊಂಡಿರುವುದರಿಂದ ಅದು ತಿರುಗಿ ಟೊಮೆಟೊ ಹೊಲಗಳಿಗೆ ನುಗ್ಗಿತು. ಬೆಳೆಯೂ ಹೋಯಿತು, ನೀರೂ ಹೋಯಿತು. ಗ್ರಾಮ ನಕ್ಷೆಯಲ್ಲಿ ಕಾಲುವೆ ಇವತ್ತಿಗೂ ಇದೆ.

ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲವೆಂಬುದು ತಮಗೆ ಗೊತ್ತು. 2018ರ ಜೂನಿನಲ್ಲಿ ಬೆಂಗಳೂರಿನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ 126 ಕೆರೆ ತುಂಬಿಸುವುದು ಯೋಜನೆಯ ಮೊದಲ ಹಂತದ ಲೆಕ್ಕ. ನಮ್ಮ ಕೆರೆ ಆ ಪಟ್ಟಿಯಲ್ಲಿಲ್ಲ. ನಮಗಿರುವುದು ಮಳೆ ನೀರು, ಅದನ್ನು ತರುವುದು ಈ ಒಂದೇ ಕಾಲುವೆ.

ಇನ್ನು ನಮ್ಮ ಅಲೆದಾಟ. ಮೊದಲ ಅರ್ಜಿ ಕೊಟ್ಟಾಗ ಸರ್ವೆ ಆಗಬೇಕು ಎಂದಿರಿ. ಸರ್ವೆಯರ್ ಬರುವ ದಿನ ಗೊತ್ತಾಯಿತು, ಕೂಲಿ ಬಿಟ್ಟು ಇಪ್ಪತ್ತು ಜನ ಕಾದೆವು, ಅವರು ಬರಲಿಲ್ಲ. ಎರಡನೇ ಸಲ ಬಂದರು, ಚೈನು ಹಿಡಿದು ಅರ್ಧ ಅಳೆದು, ಊಟಕ್ಕೆ ಹೋದವರು ತಿರುಗಿ ಬರಲಿಲ್ಲ. ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ತೆರವಿನ ನಿರ್ಣಯವಾಯಿತು. ನಡಾವಳಿ ಪ್ರತಿ ಕೇಳಿದರೆ ಪುಸ್ತಕ ಆಡಿಟ್‌ಗೆ ಹೋಗಿದೆ ಎಂದರು. ಮಾಹಿತಿ ಹಕ್ಕಿನಡಿ ಹಾಕಿದೆವು. 30 ದಿನದಲ್ಲಿ ಬರಬೇಕಾದ ಉತ್ತರ ಮೂರು ತಿಂಗಳಾದರೂ ಬಂದಿಲ್ಲ. ಮೇಲಿನ ಕಚೇರಿಗೆ ಹೋದರೆ, ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆ ಪಂಚಾಯಿತಿಗೆ ಸೇರಿದ್ದು, ಅವರನ್ನೇ ಕೇಳಿ ಎಂದರು. ಇಲ್ಲಿಗೆ ಬಂದರೆ ಮೇಲಿನವರನ್ನು ಕೇಳಿ ಎಂದಿರಿ. ಕೊನೆಗೆ ತಮ್ಮ ಸಿಬ್ಬಂದಿಯೇ “ನೀವು ಟ್ರಸ್ಟಿನವರಲ್ವಾ, ನೀವೇ ಬಿಡಿಸ್ಕೊಳ್ಳಿ” ಎಂದರು. ಸರಿ ಎಂದು ಜೆಸಿಬಿ ತರಿಸಿ ಹೂಳು ಎತ್ತಲು ಶುರು ಮಾಡಿದೆವು. ಮಾರನೇ ದಿನವೇ ನೋಟಿಸ್: ಅನುಮತಿಯಿಲ್ಲದೆ ಸರ್ಕಾರಿ ಜಾಗದಲ್ಲಿ ಕೆಲಸ! ಮೂರು ವರ್ಷ ಅಲ್ಲಾಡದ ಕಚೇರಿ ನಮ್ಮ ಕೆಲಸ ನಿಲ್ಲಿಸಲು ಒಂದು ದಿನವೂ ತೆಗೆದುಕೊಳ್ಳಲಿಲ್ಲ. ಕಾಲುವೆ ಮುಚ್ಚಿದವರಿಗೆ ಇದುವರೆಗೆ ಯಾವ ನೋಟಿಸ್ ಹೋಗಿದೆ, ದಯವಿಟ್ಟು ತೋರಿಸಿ.

ಅದೇ ಹೊತ್ತಿಗೆ ಪಂಚಾಯಿತಿಯ ಟ್ರ್ಯಾಕ್ಟರೇ ಕೋಡಿ ಬಳಿ ಕಸ ಸುರಿಯುತ್ತಿದೆ. ಕೋಳಿ ಅಂಗಡಿಯ ಪುಕ್ಕ, ಪ್ಲಾಸ್ಟಿಕ್, ಮಕ್ಕಳ ಡೈಪರ್ ಎಲ್ಲವೂ ಅಲ್ಲೇ, ರಾತ್ರಿ ಬೆಂಕಿ ಬೇರೆ. ನಾವು ಕೈಯಾರೆ ಗೋಡು ಎತ್ತಿದ ಕೆರೆ ಅದು. ಅಲ್ಲಿ ಸುರಿಯುವಾಗ ಯಾರಿಗೂ ಸಂಕೋಚವಾಗಲಿಲ್ಲವೇ?

ಹಳೇ ಶಾಲಾ ಕಟ್ಟಡದಲ್ಲಿ ಟ್ರಸ್ಟಿನ ಹೊಲಿಗೆ ತರಬೇತಿ ನಡೆಯುತ್ತಿತ್ತು. ದೂರು ಕೊಟ್ಟ ತಿಂಗಳಲ್ಲೇ ಅದಕ್ಕೆ ಬೀಗ ಬಿತ್ತು. ಮಿಷನ್‌ಗಳು ಒಳಗೇ ಇವೆ. ಶುದ್ಧ ನೀರಿನ ಘಟಕ ಕೆಟ್ಟು ಐದು ತಿಂಗಳು. ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನೇ ಮಕ್ಕಳು ಕುಡಿಯುತ್ತಿವೆ. ಕೆಳಗಿನ ಬೀದಿಯಲ್ಲಿ ದೀಪವಿಲ್ಲ, ಚರಂಡಿ ಅಂಗನವಾಡಿ ಬಾಗಿಲಿಗೆ ಹರಿಯುತ್ತಿದೆ. ಕಂದಾಯ ವಸೂಲಿಗೆ ಮಾತ್ರ ಬಿಲ್ ಕಲೆಕ್ಟರ್ ತಪ್ಪದೆ ಬರುತ್ತಾರೆ.

2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಸಾಮೂಹಿಕ ಜಾಗಗಳ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳಿಗೂ ಸೂಚಿಸಿದೆ. ಆ ವ್ಯಾಜ್ಯವೂ ಒಂದು ಹಳ್ಳಿಯ ಹೊಂಡದ್ದೇ. ಹಾಗಾಗಿ ಅಧಿಕಾರವಿಲ್ಲವೆಂಬ ಮಾತನ್ನು ಇನ್ನು ನಾವು ಒಪ್ಪುವುದಿಲ್ಲ.

ಈ ಪತ್ರ ತಲುಪಿದ 15 ದಿನದೊಳಗೆ ತಹಶೀಲ್ದಾರರಿಗೆ ಬರೆದು ಪೂರ್ತಿ ಸರ್ವೆ ಮಾಡಿಸಿ, ಬಾಂದು ಕಲ್ಲು ನೆಡಿಸಿ. ಒತ್ತುವರಿ ಮುಂಗಾರಿಗೆ ಮುಂಚೆ ತೆರವಾಗಲಿ. ಕಸದ ಟ್ರ್ಯಾಕ್ಟರ್ ನಾಳೆಯಿಂದಲೇ ನಿಲ್ಲಲಿ, ಈಗ ಸುರಿದಿರುವುದನ್ನು ಪಂಚಾಯಿತಿಯೇ ಎತ್ತಿಸಲಿ. ಶಾಲಾ ಕಟ್ಟಡದ ಬೀಗದ ಕೈ ಕೊಡಿ. ನಮ್ಮ ಮೇಲಿನ ನೋಟಿಸ್ ವಾಪಸ್ ಪಡೆಯಿರಿ. ಉತ್ತರವನ್ನು ಬರವಣಿಗೆಯಲ್ಲೇ ಕೊಡಿ, ಬಾಯಿಮಾತು ಸಾಕಾಗಿದೆ. ಹದಿನಾರನೇ ದಿನ ದನಕರು ಸಮೇತ ತಮ್ಮ ಕಚೇರಿ ಮುಂದೆ ಕೂರುತ್ತೇವೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿಗಳು,
ಗ್ರಾಮಸ್ಥರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳು ಹಿಂಬದಿಯಲ್ಲಿ)