ಜೀತ ಬಿಟ್ಟ ಮಾರನೆಯ ಬೆಳಗು: ಮಗಳಿಗೊಂದು ಪತ್ರ

ರಾಯಚೂರು
ಭಾನುವಾರ ರಾತ್ರಿ

ನನ್ನವ್ವ,

ಯೇಸುಸ್ವಾಮಿಯ ನಾಮದಲ್ಲಿ ವಂದನೆ. ನಿನ್ನೆ ಫೋನಿನಲ್ಲಿ ನೀನು ಅಷ್ಟು ಹೊತ್ತು ಅತ್ತೆ, ನನ್ನಿಂದ ಒಂದು ಮಾತೂ ಸರಿಯಾಗಿ ಹೊರಡಲಿಲ್ಲ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ನಿಮ್ಮವ್ವ ಇನ್ನೂ ಮಲಗಿಲ್ಲ.

ನೀನು ಹೇಳಿದ್ದರಲ್ಲಿ ನಾನು ತಿಳಿದುಕೊಂಡದ್ದು ಇಷ್ಟು. ಹಾಸ್ಟೆಲ್ಲಿನ ಗೆಳತಿ ಕರೆದುಕೊಂಡು ಹೋದ ಪ್ರಾರ್ಥನಾ ಕೂಟದಲ್ಲಿ, ಶನಿವಾರದ ವಿಶ್ರಾಂತಿಯಾದ ಸಬ್ಬತ್ತನ್ನು ಮೀರಿದವರಿಗೂ ಮೋಶೆಯ ಧರ್ಮಶಾಸ್ತ್ರ ಬೇಡವೆಂದ ಮಾಂಸ ತಿಂದವರಿಗೂ ರಕ್ಷಣೆ ಇಲ್ಲ ಅಂದರು. ಇನ್ನೊಬ್ಬಳು, ನಂಬಿಕೆ ಒಂದೇ ಸಾಕು, ಕ್ರಿಯೆಯ ಮಾತೆತ್ತಿದರೇ ಕೃಪೆಯನ್ನು ತಳ್ಳಿದಂತೆ ಅಂದಳು. ಇಬ್ಬರೂ ಸೇರಿ ನಿನ್ನ ರೂಮಿನ ಕಥೋಲಿಕ ಹುಡುಗಿಗೆ, ನಿಮ್ಮವರು ಪುಣ್ಯ ಮಾಡಿ ಪರಲೋಕ ಕೊಳ್ಳುವವರು ಅಂದರು. ನಡುವೆ ನೀನು ವಾರಕ್ಕೆ ಮೂರು ದಿನ ಉಪವಾಸ ಹಿಡಿದು, ನೈಟ್ ಡ್ಯೂಟಿಯಲ್ಲಿ ವಾರ್ಡಿನೊಳಗೇ ತಲೆ ಸುತ್ತಿ ಬಿದ್ದೆ. "ಅಪ್ಪಾ, ನನ್ನ ರಕ್ಷಣೆ ಆಗೇತೋ ಇಲ್ಲೋ, ಹೆಂಗ ಗೊತ್ತಾಗಬೇಕು?" ಅಂತ ಕೇಳಿದೆ.

ನಿಮ್ಮ ಮುತ್ಯಾ ಜೀತಕ್ಕಿದ್ದದ್ದು ನಿನಗೆ ಗೊತ್ತು. ಜೀತ ಬಿಟ್ಟ ಮಾರನೆಯ ಬೆಳಗಿನ ಸಂಗತಿ ಮಾತ್ರ ನಾನು ಹೇಳಿಲ್ಲ. ತಂಗಿಯ ಮದುವೆಗೆ ಮಾಡಿದ ಸಾಲಕ್ಕೆ ಅವರು ಧಣಿಯ ಮನೆಯಲ್ಲಿ ಹದಿನಾರು ವರ್ಷ ದುಡಿದರು. ಬಡ್ಡಿ ಕೂಡ ತೀರಲಿಲ್ಲ. 1976ರಲ್ಲಿ ಜೀತ ಪದ್ಧತಿಯನ್ನು ರದ್ದುಮಾಡುವ ಕಾಯ್ದೆ ಬಂತು, ನಮ್ಮೂರಿಗೆ ಮುಟ್ಟಲು ಇನ್ನೂ ಎರಡು ವರ್ಷ ಹಿಡಿಯಿತು. ಬಿಡುಗಡೆ ಪತ್ರ ಓದಿ ಹೇಳಿದವನು ನಾನೇ, ಆಗ ನಾಲ್ಕನೇ ಕ್ಲಾಸು. ಸಾಲ ಪೂರಾ ರದ್ದು ಅನ್ನುವ ಸಾಲನ್ನು ಮುತ್ಯಾ ಮೂರು ಸಲ ಓದಿಸಿದರು. ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದು, ಹೆಗಲಿಗೆ ಟವೆಲು ಹಾಕಿಕೊಂಡು, ಹೆಂಡಿಕಸ ಬಳಿಯಲು ಧಣಿಯ ಕೊಟ್ಟಿಗೆಗೆ ಹೊರಟೇಬಿಟ್ಟರು. ನಿಮ್ಮ ಆಯಿ ಬಾಗಿಲಿಗೆ ಅಡ್ಡ ನಿಂತು, "ಎತ್ತಾಗ ಹೊಂಟೀರಿ?" ಅಂದಳು. ಮುತ್ಯಾ ಮಾತಾಡಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತರು. ಹೊತ್ತು ಮೂಡುವುದನ್ನು ತಮ್ಮ ಮನೆಯ ಮುಂದೆ ಕೂತು ನೋಡಿದ್ದು ಅವರಿಗೆ ಅದೇ ಮೊದಲು.

ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರಿಕೆ ತೆರೆದಾಗಲೆಲ್ಲ ನನಗೆ ಆ ಬಾಗಿಲು ಕಾಣುತ್ತದೆ. ಬಿಡುಗಡೆಯಾದವರು ಮತ್ತೆ ಕೊಟ್ಟಿಗೆಯ ಕಡೆ ನಡೆದಿದ್ದಾರೆ, ಪೌಲ ಅಡ್ಡ ನಿಂತಿದ್ದಾನೆ.

ಈ ಜಗಳ ಎಲ್ಲಿ ಎದ್ದಿತು ಅಂತ ಎರಡನೇ ಅಧ್ಯಾಯ ನೋಡು. ಊಟದ ಪಂಕ್ತಿಯಲ್ಲಿ ಎದ್ದಿತು. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ, ಸುನ್ನತಿಯಿಲ್ಲದ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದದ್ದೇ ತಡ, ಹೆದರಿ ಎದ್ದು ಬೇರೆ ಕೂತ. ಬಾರ್ನಬನೂ ಅವನ ಹಿಂದೆ ಹೋದ. ಪೌಲ ಎಲ್ಲರೆದುರೇ ಪೇತ್ರನನ್ನು ಆಕ್ಷೇಪಿಸಿದ. ಮನುಷ್ಯ ನೀತಿವಂತನೆನಿಸಿಕೊಳ್ಳುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ಕ್ರಿಸ್ತನಲ್ಲಿಡುವ ನಂಬಿಕೆಯಿಂದ ಅನ್ನುವ ಮಾತು ಆ ಸಂಗತಿಯ ಬೆನ್ನಿಗೇ ಬರುತ್ತದೆ. ನಮ್ಮ ಮಂದಿಗೆ ಇದನ್ನು ಬಿಡಿಸಿ ಹೇಳಬೇಕೇ? ಊರ ಹೋಟೆಲಿನಲ್ಲಿ ಮುತ್ಯಾನಿಗೆ ಬೇರೆ ಕಪ್ಪು ಇತ್ತು, ಕುಡಿದು ತಾವೇ ತೊಳೆದಿಡಬೇಕಿತ್ತು. ನಂಬಿಕೆಯಿಂದಲೇ ರಕ್ಷಣೆ ಅಂದರೆ ದೇವರ ಪಂಕ್ತಿಯಲ್ಲಿ ಯಾರಿಗೂ ಬೇರೆ ಕಪ್ಪಿಲ್ಲ ಎಂದು ನಾನು ತಿಳಿದಿದ್ದೇನೆ. ಯೆರೂಸಲೇಮಿನ ಸಭೆಯಲ್ಲಿ ಅದೇ ಪೇತ್ರ ಎದ್ದು, ನಮ್ಮ ಪಿತೃಗಳೂ ನಾವೂ ಹೊರಲಾರದ ನೊಗವನ್ನು ಇವರ ಹೆಗಲಿಗೆ ಯಾಕೆ ಹೊರಿಸುತ್ತೀರಿ ಎಂದು ಕೇಳಿದ. ಅದು ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ.

ಕೂಟದವರು ಮತ್ತಾಯ 5 ತೋರಿಸಿರಬೇಕು, ಧರ್ಮಶಾಸ್ತ್ರವನ್ನು ತೆಗೆದುಹಾಕಲು ಬಂದಿಲ್ಲ ಎಂದು ಸ್ವಾಮಿಯೇ ಹೇಳಿದ್ದಾರಲ್ಲ ಎಂದು. ಹೇಳಿದ್ದಾರೆ, ನೆರವೇರಿಸಲು ಬಂದೆ ಅಂದಿದ್ದಾರೆ. ಇಲ್ಲಿ ನನ್ನ ಜೀತದ ಹೋಲಿಕೆ ನಿಲ್ಲುವುದಿಲ್ಲ. ಧಣಿಯ ಲೆಕ್ಕ ಸುಳ್ಳು, ನಮ್ಮ ಪಾಪದ ಲೆಕ್ಕ ಸುಳ್ಳಲ್ಲ. ಧರ್ಮಶಾಸ್ತ್ರ ಒಳ್ಳೆಯದೇ. ತೀರಿಸುವ ಶಕ್ತಿ ನಮಗಿರಲಿಲ್ಲ, ಆತ ತೀರಿಸಿದ. ಶನಿವಾರದ ವಿಶ್ರಾಂತಿ ನಿನ್ನ ಮನಸ್ಸಿಗೆ ಹಿತವಾದರೆ ಆಚರಿಸು, ರೋಮಾಪುರದವರಿಗೆ 14ರಲ್ಲಿ ಅದಕ್ಕೆ ಜಾಗವಿದೆ. ಅದಿಲ್ಲದೆ ಶಿಲುಬೆ ಸಾಲದು ಅನ್ನುವವರ ಮಾತಿಗೆ ಮಾತ್ರ ತಲೆಬಾಗಬೇಡ.

ಹಾಗಾದರೆ ಯಾಕೋಬನ ಪತ್ರಿಕೆಯನ್ನು ಏನು ಮಾಡುವುದು? 'ನಂಬಿಕೆ ಮಾತ್ರ' ಅನ್ನುವ ಮಾತು ಇಡೀ ಸತ್ಯವೇದದಲ್ಲಿ ಬರುವುದು ಅಲ್ಲೊಂದೇ ಕಡೆ, ಅದೂ ಅಲ್ಲಗಳೆಯಲು. 1522ರಲ್ಲಿ ಪ್ರೊಟೆಸ್ಟೆಂಟ್ ಸುಧಾರಣೆ ಎಬ್ಬಿಸಿದ ಮಾರ್ಟಿನ್ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ರೋಮಾಪುರದವರಿಗೆ 3:28ರಲ್ಲಿ 'ಮಾತ್ರ' ಎಂಬ ಪದವನ್ನು ತಾನೇ ಸೇರಿಸಿದ, ಯಾಕೋಬನದನ್ನು ಹುಲ್ಲಿನ ಪತ್ರಿಕೆ ಅಂದ. ಮಠದಲ್ಲಿ ಉಪವಾಸ, ಜಾಗರಣೆ, ಪಾಪನಿವೇದನೆ ಎಂದು ಜೀವ ತೇಯ್ದು ದಾರಿ ಕಾಣದಿದ್ದವನ ನೋವು ಅದು, ನನಗೆ ಅರ್ಥವಾಗುತ್ತದೆ. ಆದರೂ ಆ ಮಾತು ತಪ್ಪು. ಯಾಕೋಬ ಎದುರಿಗೆ ನಿಲ್ಲಿಸಿಕೊಂಡು ಬೈಯುವುದು ಬೇರೆಯವರನ್ನು. ಬಟ್ಟೆಯಿಲ್ಲದೆ, ಕೂಳಿಲ್ಲದೆ ಬಂದವನಿಗೆ ಏನೂ ಕೊಡದೆ, ಸಮಾಧಾನದಿಂದ ಹೋಗು, ಬೆಚ್ಚಗಿರು ಎಂದು ಹರಸಿ ಕಳಿಸುವವರನ್ನು. ಐದನೇ ಅಧ್ಯಾಯದಲ್ಲಿ, ಹೊಲ ಕೊಯ್ದವರ ಕೂಲಿ ಹಿಡಿದಿಟ್ಟುಕೊಂಡವರನ್ನು ಅವನು ಝಾಡಿಸುವುದನ್ನು ಓದು. ಸಭೆಯಲ್ಲಿ ಎದ್ದು ಕೃಪೆಯ ಸಾಕ್ಷಿ ಹೇಳಿ, ಹತ್ತಿ ಬಿಡಿಸಿದ ಹೆಣ್ಣಾಳುಗಳ ಕೂಲಿಯನ್ನು ತಿಂಗಳುಗಟ್ಟಲೆ ತಡೆದ ಒಬ್ಬರನ್ನು ನಾನು ಬಲ್ಲೆ. ಅಂಥವರಿಗೆ ಓದಬೇಕಾದದ್ದು ಯಾಕೋಬ. ನಿನ್ನಂತೆ ನಡುಗುವವರಿಗೆ ಪೌಲ. ಅವರು ಗಲಾತ್ಯ ಓದಿ ಹಾಯಾಗಿದ್ದಾರೆ, ನೀನು ಯಾಕೋಬ ಓದಿ ಉಪವಾಸ ಬಿದ್ದಿದ್ದೀ. ಇದು ನನಗೆ ತಡೆಯಲಾಗದ ಸಂಕಟ.

ನಾವು ಮೆಥಡಿಸ್ಟರು. ಆ ಹೆಸರೇ ನಮ್ಮ ಪಂಗಡಕ್ಕೆ ಮೂಲಪುರುಷ ಜಾನ್ ವೆಸ್ಲಿಯ ಗುಂಪಿನ ನೇಮನಿಷ್ಠೆ ಕಂಡು ಮಂದಿ ಹಂಗಿಸಿ ಇಟ್ಟದ್ದು. ಆಕ್ಸ್‌ಫರ್ಡಿನಲ್ಲಿ ಅವರು ಬುಧವಾರ, ಶುಕ್ರವಾರ ಉಪವಾಸ ಮಾಡುತ್ತಿದ್ದರು, ಜೈಲಿನವರನ್ನು ನೋಡಲು ಹೋಗುತ್ತಿದ್ದರು. ಅಷ್ಟು ಮಾಡಿಯೂ ವೆಸ್ಲಿಗೆ ನೆಮ್ಮದಿಯಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ತನ್ನ ಪಾಪವನ್ನೂ ಕ್ರಿಸ್ತನು ತೆಗೆದಿದ್ದಾನೆ ಎಂಬ ಭರವಸೆ ಬಂದು ಎದೆ ಬೆಚ್ಚಗಾಯಿತು. ಆಮೇಲೆ ಅವರು ಕ್ರಿಯೆ ಬಿಟ್ಟು ಕೂರಲಿಲ್ಲ. 1791ರಲ್ಲಿ, ಸಾಯುವ ಆರು ದಿನ ಮುಂಚೆ, ಗುಲಾಮಗಿರಿಯ ವಿರುದ್ಧ ಹೋರಾಟ ಬಿಡಬೇಡ ಎಂದು ಇಂಗ್ಲೆಂಡಿನ ಪಾರ್ಲಿಮೆಂಟಿನ ಸದಸ್ಯ ವಿಲ್ಬರ್‌ಫೋರ್ಸ್‌ಗೆ ಕಾಗದ ಬರೆದರು. ಮುತ್ಯಾನ ಬಿಡುಗಡೆ ಪತ್ರವನ್ನು ನೆನೆದಾಗ ಆ ಕಾಗದವೂ ನನಗೆ ನೆನಪಾಗುತ್ತದೆ.

ಕಥೋಲಿಕ ಗೆಳತಿಯ ಹತ್ತಿರ ಹೋಗಿ ಕ್ಷಮೆ ಕೇಳು, ಅವರು ಅಂದಾಗ ನೀನು ಸುಮ್ಮನಿದ್ದೆಯಲ್ಲ. ಕೃಪೆಯಿಲ್ಲದೆ ಬರೀ ಸ್ವಂತ ಕ್ರಿಯೆಯಿಂದ ಯಾರೂ ನೀತಿವಂತರಾಗಲಾರರು ಎಂದು 1547ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆಯೇ ಹೇಳಿತ್ತು. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಇದರ ಬಗ್ಗೆ ಒಂದೇ ಘೋಷಣೆಗೆ ಸಹಿ ಹಾಕಿದರು, 2006ರಲ್ಲಿ ಜಗತ್ತಿನ ಮೆಥಡಿಸ್ಟರೂ ಸೇರಿದರು. ಭೇದಗಳು ಪೂರಾ ಹೋಗಿಲ್ಲ. ಆದರೆ ನಾನೂರೈವತ್ತು ವರ್ಷದ ಜಗಳದಲ್ಲಿ ಹಿರಿಯರು ಇಷ್ಟು ದೂರ ಬಂದಿರುವಾಗ ಹಾಸ್ಟೆಲ್ ರೂಮಿನಲ್ಲಿ ಅದನ್ನು ಹೊಸದಾಗಿ ಹಚ್ಚುವುದು ಬೇಡ.

ಮತ್ತಾಯ 25 ನನಗೂ ಕಷ್ಟದ ಅಧ್ಯಾಯ. ಅಲ್ಲಿ ಸ್ವಾಮಿ ನಂಬಿಕೆಯ ಮಾತೇ ಎತ್ತದೆ, ಹಸಿದಿದ್ದೆ, ಊಟ ಕೊಟ್ಟಿರಿ ಅನ್ನುತ್ತಾರೆ. ಬಹಳ ವರ್ಷ ಅದನ್ನು ಓದಿ ಹೆದರುತ್ತಿದ್ದೆ. ಆಮೇಲೆ ಕಡೆಯ ತೀರ್ಪಿನಲ್ಲಿ ಬಲಗಡೆ ನಿಂತ ನೀತಿವಂತರ ಉತ್ತರ ಕಣ್ಣಿಗೆ ಬಿತ್ತು: ಯಾವಾಗ ಕೊಟ್ಟೆವು ಎಂದು ಅವರೇ ಕೇಳುತ್ತಾರೆ. ಅವರು ಲೆಕ್ಕವನ್ನೇ ಇಟ್ಟಿರಲಿಲ್ಲ. ಮುತ್ಯಾ ಜೀತ ಬಿಟ್ಟ ಮೇಲೆ ಮೊದಲಿಗಿಂತ ಹೆಚ್ಚು ದುಡಿದರು, ಅಪರಾತ್ರಿ ಎದ್ದು ಗದ್ದೆಗೆ ನೀರು ಕಟ್ಟಲು ಹೋಗುತ್ತಿದ್ದರು, ನನ್ನನ್ನು ಮಾಸ್ತರನನ್ನಾಗಿ ಮಾಡಿದರು. ಹಾಗೆ ದುಡಿದ ದಿನಗಳನ್ನು ಅವರು ಒಮ್ಮೆಯೂ ಎಣಿಸಲಿಲ್ಲ. ಧಣಿಯ ಮನೆಯ ಹದಿನಾರು ವರ್ಷ ಮಾತ್ರ ಬೆರಳಿನ ಮೇಲೆ ಎಣಿಸುತ್ತಿದ್ದರು.

ನೀನು ರಾತ್ರಿ ಮೂರಕ್ಕೆ ಯಾರದೋ ಅಜ್ಜಿಯ ಹಾಸಿಗೆ ಬದಲಾಯಿಸುವಾಗ ರಕ್ಷಣೆ ಗಳಿಸಲು ಮಾಡುತ್ತೀಯೇನು? ಇಲ್ಲ ಎಂದು ನನಗೆ ಗೊತ್ತು. ಆ ಉಪವಾಸವನ್ನು ಮಾತ್ರ ಹೆದರಿಕೆಗೆ ಹಿಡಿದಿದ್ದೀ, ಅದನ್ನು ಬಿಡು. ಆಯಿಯ ಹಾಗೆ ನಾನು ಬಾಗಿಲಿಗೆ ಅಡ್ಡ ನಿಂತಿದ್ದೇನೆ ಎಂದು ತಿಳಿ.

ನಿಮ್ಮವ್ವ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಬುಧವಾರ ರಾತ್ರಿಯ ಬಸ್ಸಿಗೆ ಕಳಿಸುತ್ತೇನೆ. ರೂಮಿನವರಿಗೂ ಕೊಟ್ಟು ಜೊತೆಗೆ ಕೂತು ಉಣ್ಣು. ಉಂಡ ಮೇಲೆ ಫೋನ್ ಮಾಡು.

ನಿನ್ನ ಅಪ್ಪ